ಬಾಗಿಲ ಮೇಲಿನ ಹದಿನಾಲ್ಕು

ಅಥವಾ ಅವಳು ರೊಟ್ಟಿ ಬಡಿಯುತ್ತಿರಲೇ ಇಲ್ಲವೇನೋ. ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ರೊಟ್ಟಿಯ ಸದ್ದು ಮೊದಲು ಬರುತ್ತದೆ, ಅವಳ ಮುಖ ಆಮೇಲೆ. ಆದರೆ ಅಂಥ ಶೆಡ್ಡುಗಳಲ್ಲಿ ನಾನು ಎಷ್ಟೋ ಮಧ್ಯಾಹ್ನ ಕೂತಿದ್ದೇನೆ, ಎಷ್ಟೋ ಹೆಂಗಸರು ರೊಟ್ಟಿ ಬಡಿಯುತ್ತಲೇ ನನ್ನ ಜೊತೆ ಮಾತಾಡಿದ್ದಾರೆ. ಯಾರದೋ ಕೈಯ ಸದ್ದನ್ನು ತಂದು ಇವಳ ಕೈಗೆ ಅಂಟಿಸಿರಬಹುದು. ಅವಳ ಕೈ ಆಗ ಖಾಲಿಯಾಗಿತ್ತು ಎಂದುಕೊಂಡರೆ ನನಗೆ ಹೆಚ್ಚು ಹೆದರಿಕೆಯಾಗುತ್ತದೆ. ಹೆದರಿಕೆಯಾಗುತ್ತದೆ, ಆದ್ದರಿಂದ ಅದೇ ನಿಜವಿರಬೇಕು ಎನ್ನಿಸುತ್ತದೆ. ಇದೂ ನಂಬುವಂಥ ತರ್ಕವಲ್ಲ.

ಖಚಿತವಾಗಿ ಗೊತ್ತಿರುವುದನ್ನು ಬೇರೆ ತೆಗೆದಿಡುತ್ತೇನೆ. ಪುಣೆಯ ಕೊಂಢವಾದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರ ಹಿಂದೆ, ಕೂಲಿಯವರಿಗೆಂದು ಹಾಕಿದ ತಗಡಿನ ಪತ್ರಾಸಿನ ಶೆಡ್ಡುಗಳ ಸಾಲು. ವಾರದ ರಜೆಯ ದಿನ, ಊಟದ ಹೊತ್ತು. ಒಂದು ಶೆಡ್ಡಿನೊಳಗೆ ನಾವು ನಾಲ್ವರು. ಮೂವತ್ತರ ಆಸುಪಾಸಿನ ಒಬ್ಬ ತಾಯಿ, ಯಾದಗಿರಿಯ ಕಡೆಯವಳು. ಅವಳ ಆರು ವರ್ಷದ ಮಗಳು, ಕೌದಿಯ ಮೇಲೆ ಎಡಗಾಲು ಚಾಚಿ ಮಲಗಿದ್ದವಳು. ಪುಣೆಯ ಒಂದು ಸಂಶೋಧನಾ ಕೇಂದ್ರದಿಂದ ಬಂದಿದ್ದ ಮರಾಠಿ ಸಂಶೋಧಕಿ, ತೊಡೆಯ ಮೇಲೆ ಪ್ರಶ್ನೆಗಳ ಹಾಳೆ ಇಟ್ಟುಕೊಂಡು. ಮತ್ತು ಇವರ ನಡುವೆ ಕನ್ನಡವನ್ನು ಮರಾಠಿಗೂ ಮರಾಠಿಯನ್ನು ಕನ್ನಡಕ್ಕೂ ತಿರುಗಿಸುತ್ತಿದ್ದ ನಾನು.

ನಾನು ಕೆಲಸ ಮಾಡುತ್ತಿದ್ದದ್ದು ಕೂಲಿಯವರ ಮಕ್ಕಳಿಗಾಗಿ ಸೈಟುಗಳಲ್ಲೇ ಬಾಲವಾಡಿ ನಡೆಸುವ ಸಣ್ಣ ಸೇವಾಸಂಸ್ಥೆಯಲ್ಲಿ. ಹೋಟೆಲು ನಡೆಸಲು ಕರಾವಳಿಯಿಂದ ಪುಣೆಗೆ ಬಂದ ಮನೆತನದವಳು ನಾನು. ಯಾದಗಿರಿಯ ಮಾತನ್ನು ಕಲಿತದ್ದು ಈ ಶೆಡ್ಡುಗಳಲ್ಲೇ. ಕಲಿತೆ ಎಂದು ನಾನು ಹೇಳುತ್ತಿದ್ದೆ, ಅವರು ಒಪ್ಪುತ್ತಿರಲಿಲ್ಲ.

“ನಿಮ್ಮ ಕನ್ನಡ ರೇಡಿಯೋದಾಗ ಬರೋಹಂಗ ಅದರಿ ಅಕ್ಕೋರೆ,” ಎಂದಳು ಆ ತಾಯಿ. “ತಿಳೀತದ, ಆದ್ರ ನಗು ಬರತದ.”

ನಾನು ನಿಯಮದ ಪ್ರಕಾರ ಹಾಳೆಯ ಮೇಲಿದ್ದದ್ದನ್ನು ಓದಿ ಹೇಳಿದೆ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಬೇಡವೆನಿಸಿದಾಗ ಮಾತು ನಿಲ್ಲಿಸಬಹುದು. ಇಲ್ಲಿ ಹೇಳಿದ್ದರಿಂದ ನಿಮಗೆ ಯಾವ ತೊಂದರೆಯೂ ಆಗದಂತೆ ನೋಡಿಕೊಳ್ಳುತ್ತೇವೆ.

“ಹೆಸರಿನಿಂದ ಏನಾಗ್ತದರಿ? ಈ ಸಾಲಿನ್ಯಾಗ ನನ್ನ ಹೆಸರಿನವರು ನಾಕು ಮಂದಿ ಅದಾರ. ಬರಕೋರಿ ಬೇಕಾದ್ರ.”

“ಬರೆಯುವುದಿಲ್ಲ.”

“ಠೇಕೇದಾರಗ ಗೊತ್ತಾಗಬಾರದು, ಅಷ್ಟ ನೋಡ್ರಿ. ಮಾಮಾಗೂ ಗೊತ್ತಾಗಬಾರದು, ನಾ ಹೇಳೀನಂತ.”

ಮಾಮಾ ಎಂದರೆ ಅವಳ ಸ್ವಂತ ಸೋದರಮಾವ. ಆ ಟೋಳಿಯ, ಅಂದರೆ ಕೂಲಿಯವರ ಗುಂಪಿನ, ಮುಕಾದಮನೂ ಅವನೇ: ಊರಿನಿಂದ ಎಂಟು ಮನೆಗಳ ಜನರನ್ನು ಕರೆತಂದು ಠೇಕೇದಾರನ ಕೆಳಗೆ ಕೆಲಸಕ್ಕೆ ಹಚ್ಚಿದವನು.

ಅವಳು ಹೇಳಿದ್ದು ಇಷ್ಟು. ಎರಡು ತಿಂಗಳ ಹಿಂದೆ ಅವಳು ತಲೆಯ ಮೇಲೆ ಇಟ್ಟಿಗೆ ಹೊರುತ್ತಿದ್ದಳು. ಮಗಳನ್ನು ಬಿಡಲು ಜಾಗವಿಲ್ಲ, ಜೊತೆಯಲ್ಲೇ ಇತ್ತು ಮಗು. ಮೊದಲ ಅಂತಸ್ತಿನಲ್ಲಿ ಲಿಫ್ಟಿಗೆಂದು ಬಿಟ್ಟಿದ್ದ ಗುಂಡಿಗೆ ಅಡ್ಡ ಇಟ್ಟಿದ್ದ ಹಲಗೆಯನ್ನು ಯಾರೋ ತೆಗೆದಿದ್ದರು. ಹುಡುಗಿ ಬಿದ್ದದ್ದನ್ನು ಅವಳು ನೋಡಲಿಲ್ಲ, ಕೇಳಿದಳು. ಮಾಮಾ ತನ್ನ ಮೋಟಾರ್‌ಸೈಕಲ್ಲಿನ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಸರಕಾರಿ ಆಸ್ಪತ್ರೆಗೆ ಓಡಿದ. ದಾರಿಯುದ್ದಕ್ಕೂ ಒಂದೇ ಮಾತು ಬಾಯಿಪಾಠ ಮಾಡಿಸಿದ.

“‘ಮನ್ಯಾಗ ಮಾಳಿಗಿ ಮ್ಯಾಲಿಂದ ಬಿದ್ದಾಳ ಅನ್ನು’ ಅಂದ. ನಾ ಅಂದೆ, ‘ಮಾಮಾ, ನಮಗೆಲ್ಲದ ಮಾಳಿಗಿ?’ ಡಾಕ್ಟರ ಬರಕೊಂಡ್ರು. ಅವರಿಗೇನು ಗೊತ್ತು ನಮ್ಮ ಮನಿ?”

ಹುಡುಗಿಯ ತೊಡೆಯ ಎಲುಬಿನೊಳಗೆ ರಾಡು ಹಾಕಿದ್ದರು. ಸುಮಾರು ಒಂದು ವರ್ಷವಾದ ಮೇಲೆ ಮತ್ತೆ ಕೊಯ್ದು ತೆಗೆಯಬೇಕು, ಬಿಟ್ಟರೆ ಬೆಳೆಯುವ ಕಾಲು, ತೊಂದರೆಯಾದೀತು ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಅವಳು ಪುಣೆಯಲ್ಲೇ ಇರಬೇಕಿತ್ತು. ಮಾಮಾನಿಗೆ ಠೇಕೇದಾರ ಹೇಳಿದ್ದೂ ಅಷ್ಟೇ ಸ್ಪಷ್ಟವಾಗಿತ್ತು. ಸೈಟಿನಲ್ಲಿ ಮಗು ಬಿತ್ತು ಎಂಬ ಸುದ್ದಿ ಹೊರಗೆ ಹೋದರೆ ಮರುದಿನ ಎಂಟೂ ಮನೆಗಳು ಖಾಲಿ.

ಸಂಶೋಧಕಿ ಒಪ್ಪಿಗೆಯ ಹಾಳೆಗೆ ತಾಯಿಯ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡಳು. ಹುಡುಗಿ ತನ್ನದೂ ಒತ್ತಿಸಿಕೊಳ್ಳಬೇಕೆಂದು ಹಟ ಮಾಡಿತು. ಹಾಳೆಯ ಮೂಲೆಯಲ್ಲಿ ಆ ಸಣ್ಣ ಗುರುತೂ ಇತ್ತೆಂದು ನನ್ನ ನೆನಪು. ಸಂಶೋಧಕಿ ಅಂಥದ್ದಕ್ಕೆ ಅವಕಾಶ ಕೊಡುವವಳಲ್ಲ, ಹಾಗಾಗಿ ಇದೂ ನಾನು ಸೇರಿಸಿದ್ದೇ ಇರಬಹುದು.

*

ನಮಗೆ ಸಂಶೋಧಕಿ ಯಾಕೆ ಬೇಕಾದಳು ಎಂಬುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಬಾಲವಾಡಿಗೆ ಜಾಗ ಕೊಡುವುದು ಬಿಡುವುದು ಬಿಲ್ಡರನ ಮರ್ಜಿಯಾಗಿತ್ತು. ಒಳ್ಳೆಯ ಮನಸ್ಸಿನವನು ಸಿಕ್ಕರೆ ನೆಲಮಾಳಿಗೆಯ ಒಂದು ಖೋಲಿ, ಇಲ್ಲವಾದರೆ ಗೇಟಿನ ಹೊರಗೆ ರಜೆಯ ದಿನ ಒಂದು ಗಂಟೆ ಹಾಡು. ಈ ಸೈಟು ಎರಡನೆಯ ಬಗೆಯದು. ಕಟ್ಟಡಕ್ಕೆ ಪರವಾನಗಿ ಕೊಡುವಾಗಲೇ ಮಕ್ಕಳಿಗೊಂದು ಬೇಲಿ ಹಾಕಿದ ಖೋಲಿ, ನೋಡಿಕೊಳ್ಳಲು ಒಬ್ಬ ಆಯಾ ಇರಲೇಬೇಕೆಂದು ಷರತ್ತು ಹಾಕಿ ಎಂದು ನಮ್ಮ ಸಂಚಾಲಕಿ ವರ್ಷಗಟ್ಟಲೆ ಸರಕಾರಕ್ಕೆ ಅರ್ಜಿ ಬರೆದಳು. ನಾವು ಫೋಟೋ ಹಿಡಿದುಕೊಂಡು ಹೋಗುತ್ತಿದ್ದೆವು, ಬಿದ್ದ ಮಕ್ಕಳ ಕಥೆ ಹೇಳುತ್ತಿದ್ದೆವು. ಅಧಿಕಾರಿಯೊಬ್ಬರು ಒಮ್ಮೆ ಎಲ್ಲ ಕೇಳಿಸಿಕೊಂಡು ಹೇಳಿದ್ದರು: “ನಾನು ನಂಬುತ್ತೇನೆ ಮೇಡಂ. ಆದರೆ ನನ್ನ ಮೇಲಿನವರಿಗೆ ಏನು ತೋರಿಸಲಿ? ಕಣ್ಣೀರನ್ನು ಫೈಲಿಗೆ ಹೊಲಿಯಲು ಬರುವುದಿಲ್ಲ.”

ಹೀಗೆ ಸಂಶೋಧನಾ ಕೇಂದ್ರದ ಜೊತೆ ಒಪ್ಪಂದವಾಯಿತು. ಅವರ ಬಳಿ ವಿಧಾನವಿತ್ತು, ಸರಕಾರ ಗೌರವಿಸುವ ಹೆಸರಿತ್ತು. ನಮ್ಮ ಬಳಿ ಶೆಡ್ಡುಗಳ ಬಾಗಿಲು ತೆರೆಸುವ ಮುಖಗಳಿದ್ದವು. ನನಗೆ ಮೊದಮೊದಲು ಸಂಶೋಧಕಿಯ ಮೇಲೆ ಸಿಟ್ಟು ಬರುತ್ತಿತ್ತು. ನನ್ನ ಟಿಪ್ಪಣಿಯಲ್ಲಿ ‘ತುಂಬಾ ಮಂದಿ’ ಎಂದಿದ್ದರೆ ಅದಕ್ಕೆ ಸುತ್ತು ಹಾಕಿ, “ತುಂಬಾ ಅಂದರೆ ಎಷ್ಟು?” ಎನ್ನುವಳು. ‘ಪಾಪ’ ಎಂದು ಬರೆದರೆ ಹೊಡೆದು ಹಾಕುವಳು. ಕೆಲವು ತಿಂಗಳಲ್ಲಿ ನನಗೇ ಗೊತ್ತಿಲ್ಲದಂತೆ ನಾನು ಅವಳ ಹಾಗೆ ನೋಡಲು ಕಲಿತೆ. ಬಿದ್ದ ಮಗು ಒಂದು ಕಥೆ. ಯಾವ ಹೊತ್ತಿನಲ್ಲಿ, ಎಷ್ಟು ಎತ್ತರದಿಂದ, ಆಗ ತಾಯಿಯ ಕೈಯಲ್ಲಿ ಏನಿತ್ತು ಎಂದು ಎಲ್ಲ ಸೈಟುಗಳಲ್ಲೂ ಒಂದೇ ರೀತಿ ಕೇಳುತ್ತ ಹೋದರೆ ಅದು ಯಾರೂ ಪಕ್ಕಕ್ಕೆ ಸರಿಸಲಾಗದ ಏನೋ ಆಗುತ್ತದೆ. ಈ ಮಾತನ್ನು ಈಗಲೂ ನಂಬುತ್ತೇನೆ. ನಂಬಿಕೆಯನ್ನು ತೆಗೆದುಹಾಕಿ ಇದನ್ನು ಬರೆಯಬಹುದಿತ್ತು, ಹೆಚ್ಚು ಚೊಕ್ಕವಾಗುತ್ತಿತ್ತು.

*

ಈಗ ಗುರುತಿನ ವಿಷಯ. ಇಲ್ಲಿ ನನ್ನ ನೆನಪು ಮೂರು ಥರ ಇದೆ.

ಹೆಸರಿನ ಬದಲು ಪ್ರತಿಯೊಬ್ಬರಿಗೂ ಒಂದು ಸಂಕೇತ ಕೊಡಿ ಎಂದು ಕೇಂದ್ರದವರು ಹೇಳಿದ್ದರು. ಅವರು ಹೇಳಿದ್ದು ಅಷ್ಟೇ. ನಮಗಿದ್ದ ತೊಂದರೆ ಅವರಿಗೆ ಗೊತ್ತಿರಲಿಲ್ಲ. ಎರಡು ತಿಂಗಳ ನಂತರ ಅದೇ ಹೆಂಗಸರನ್ನು ಮತ್ತೆ ಮಾತಾಡಿಸಬೇಕಿತ್ತು. ಹೆಸರು ಹಿಡಿದು ಹುಡುಕಿದರೆ ಒಂದೇ ಹೆಸರಿನ ನಾಲ್ವರು. ಫೋನು ಗಂಡನ ಕೈಯಲ್ಲಿ. ಆದರೆ ಎಲ್ಲ ಕ್ಯಾಂಪುಗಳಲ್ಲೂ ವಾಚ್‌ಮನ್ನನು ಶೆಡ್ಡುಗಳ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದಿರುತ್ತಿದ್ದ. ಯಾರನ್ನು ಕೇಳಿದರೂ ‘ಹನ್ನೊಂದರಾಕಿ’, ‘ಇಪ್ಪತ್ತರಾಂವ’ ಎಂದೇ ಹೇಳುತ್ತಿದ್ದರು. ನಮಗೆ ಇದಕ್ಕಿಂತ ಸುಲಭವಾದದ್ದು ಏನಿತ್ತು? ಕೊಂಢವಾಕ್ಕೆ ಕೆ. ಶೆಡ್ಡು ಹದಿನಾಲ್ಕು. ಕೆ-14.

ಮೊದಲ ನೆನಪಿನಲ್ಲಿ ಇದನ್ನು ಹೇಳಿದವಳು ಸಂಚಾಲಕಿ, ಕಚೇರಿಯಲ್ಲಿ, ಚಹಾ ಕುಡಿಯುತ್ತ. ಎರಡನೆಯದರಲ್ಲಿ ಇನ್ನಿಬ್ಬರು ಕಾರ್ಯಕರ್ತೆಯರು ಮೊದಲೇ ಹಾಗೆ ಬರೆಯಲು ಶುರುಮಾಡಿದ್ದರು, ನಾನು ಅನುಸರಿಸಿದೆ. ಮೂರನೆಯದರಲ್ಲಿ ರಿಕ್ಷಾದಲ್ಲಿ ಕೂತು ನಾನೇ, “ಶೆಡ್ಡಿನ ನಂಬರೇ ಇಡೋಣ, ಮತ್ತೆ ಹುಡುಕುವುದು ಸುಲಭ,” ಎಂದು ಹೇಳಿದೆ. ಮೂರನೆಯದರಲ್ಲಿ ನನ್ನ ದನಿ ಖುಷಿಯಾಗಿದೆ. ಹಳೆಯ ನೋಟ್‌ಬುಕ್ಕಿನಲ್ಲಿ ಮೊದಲ ಕೆ ಇರುವ ಪುಟ ನನ್ನ ಕೈಬರಹದ್ದು. ಅದು ಏನನ್ನೂ ಸಾಬೀತುಮಾಡುವುದಿಲ್ಲ. ಬರೆದವಳು ನಾನು ಎನ್ನುವುದನ್ನು ಮಾತ್ರ ಹೇಳುತ್ತದೆ.

ಸಂಶೋಧಕಿಗೆ ಅದು ಸಂದರ್ಶನಗಳ ಕ್ರಮಸಂಖ್ಯೆಯಂತೆ ಕಂಡಿತು. ಕೇಳುವ ಅಗತ್ಯ ಅವಳಿಗೆ ಬರಲಿಲ್ಲ. ಹೇಳುವ ಅಗತ್ಯ ನಮಗೆ ಬರಲಿಲ್ಲ.

*

ಹೆದರಿಕೆ ಬಂದದ್ದು ಒಂದು ಸಂತೋಷದ ದಿನ. ಆ ಮಧ್ಯಾಹ್ನ ಕಳೆದು ಎಂಟೊಂಬತ್ತು ತಿಂಗಳಾಗಿತ್ತು. ವರದಿ ಅಚ್ಚಾಗಿ ಬಂದಿತ್ತು, ಇಂಗ್ಲಿಷಿನಲ್ಲಿ, ನೀಲಿ ರಟ್ಟು. ಸಂಚಾಲಕಿ ಪೇಡೆ ತರಿಸಿದ್ದಳು. ಗುರುವಾರ ಅಧಿಕಾರಿಗಳ ಸಮಿತಿಯ ಸಭೆ; ಕಣ್ಣೀರಿನ ಮಾತಾಡಿದ ಅದೇ ಅಧಿಕಾರಿಯ ಅಧ್ಯಕ್ಷತೆ. ಈ ಸಲ ನಾವು ಕರೆಯಿಲ್ಲದೆ ಹೋಗುತ್ತಿರಲಿಲ್ಲ, ಅವರೇ ಕರೆದಿದ್ದರು. ಸದಸ್ಯರಿಗೆಲ್ಲ ಪ್ರತಿಗಳು ಆಗಲೇ ತಲುಪಿದ್ದವು. ಸದಸ್ಯರಲ್ಲಿ ಬಿಲ್ಡರರ ಪರವಾಗಿಯೂ ಒಬ್ಬರು ಇದ್ದರು.

ನಾನು ಪೇಡೆ ಕೈಯಲ್ಲಿ ಹಿಡಿದೇ ಹಾಳೆ ತಿರುವಿದೆ. ನಡುವೆಲ್ಲೋ ಒಂದು ಚೌಕಟ್ಟಿನೊಳಗೆ ಅವಳ ಮಾತು. ಲಿಫ್ಟಿನ ಗುಂಡಿ, ಹಲಗೆ, ಇಲ್ಲದ ಮಾಳಿಗೆ, ದಾರಿಯಲ್ಲಿ ಬಾಯಿಪಾಠ. ನಾನು ಮರಾಠಿಗೆ ತಿರುಗಿಸಿದ್ದನ್ನು ಸಂಶೋಧಕಿ ಇಂಗ್ಲಿಷಿಗೆ ತಿರುಗಿಸಿದ್ದಳು, ಆದರೂ ಅವಳ ದನಿ ಕೇಳುತ್ತಿತ್ತು. ಅದರ ಕೆಳಗೆ ಬಲಕ್ಕೆ, ಸಣ್ಣ ಅಕ್ಷರದಲ್ಲಿ: ತಾಯಿ, ಕೆ-14.

ಪೇಡೆಯನ್ನು ಎಲ್ಲಿಟ್ಟೆನೋ. ಎಲ್ಲರೂ ಮಾತಾಡುತ್ತಿದ್ದರು, ಅವರ ಬಾಯಿ ಆಡುವುದು ಕಾಣುತ್ತಿತ್ತು. ನಾನು ವಿಳಾಸ ಬರೆದಿದ್ದೆ. ಹೆಸರನ್ನು ಅಷ್ಟು ಜೋಪಾನ ಮಾಡಿ, ಮನೆಯನ್ನು ತೋರಿಸಿಕೊಟ್ಟಿದ್ದೆ.

ಸಂಶೋಧಕಿಗೆ ಫೋನು ಮಾಡಿದೆ. ಮರಾಠಿಯಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅದು ಹದಿನಾಲ್ಕನೆಯ ಸಂದರ್ಶನ ಅಲ್ಲವೇ?”

“ಅಲ್ಲ. ಹದಿನಾಲ್ಕನೆಯ ಬಾಗಿಲು.”

ಆ ಕಡೆ ಅವಳು ಸರಸರನೆ ಪುಟ ತಿರುವುವ ಸದ್ದು ಕೇಳಿಸಿತು.

“ಎಲ್ಲವೂ?” ಎಂದಳು ಕೊನೆಗೆ. “ಎಲ್ಲ ಸೈಟುಗಳದ್ದೂ?”

“ಎಲ್ಲವೂ.”

ಒಂದು ತಾಸಿನೊಳಗೆ ಅವಳು ನಮ್ಮ ಕಚೇರಿಗೆ ಬಂದಳು. ಕೂದಲು ಬಾಚಿಕೊಂಡಿರಲಿಲ್ಲ. ಮೂವರೂ ಮೇಜಿನ ಸುತ್ತ ಕೂತೆವು. ಉಳಿದ ಹೇಳಿಕೆಗಳು ಅಷ್ಟು ಅಪಾಯದವಲ್ಲ ಎಂದು ಓದಿ ನೋಡಿ ಗೊತ್ತುಮಾಡಿಕೊಂಡೆವು: ಆಯಾ ಇದ್ದರೆ ಒಳ್ಳೆಯದು, ನೀರಿನ ಟಾಕಿಗೆ ಮುಚ್ಚಳ ಬೇಕು, ಅಂಥವು. ಅಪಾಯ ಒಬ್ಬಳಿಗೇ. ವರದಿ ಹಿಂತೆಗೆದುಕೊಂಡರೆ ಸಭೆ ಹೋಯಿತು, ಇನ್ನೊಂದು ಸಭೆ ಯಾವಾಗಲೋ.

“ಹಿಂತೆಗೆದುಕೊಂಡರೆ ಯಾಕೆಂದು ಕೇಳುತ್ತಾರೆ,” ಎಂದಳು ಸಂಚಾಲಕಿ. “ಯಾಕೆಂದು ಹೇಳಿದರೆ ಎಲ್ಲರೂ ಆ ಪುಟವನ್ನೇ ತೆಗೆದು ನೋಡುತ್ತಾರೆ.”

ಅವಳು ಹೇಳಿದ್ದು ಸರಿ. ಅನುಕೂಲವೂ ಆಗಿತ್ತು. ಇವೆರಡನ್ನು ಬೇರೆ ಮಾಡಲು ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ. ಕಚೇರಿಯಲ್ಲಿ ಉಳಿದ ಪ್ರತಿಗಳ ಸಂಕೇತಗಳ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸುವುದೆಂದಾಯಿತು. ಹೊರಗೆ ಹೋದವು ಹೋದವು. ಮೊದಲು ಅವಳಿಗೆ ಹೇಳಬೇಕು ಎಂದೆ ನಾನು. ಹಾಗೆ ಹೇಳಿದವಳು ನಾನೇ ಎಂಬುದು ನೆನಪಿದೆ. ಇಂಥ ಮಾತುಗಳು ಮಾತ್ರ ಎಷ್ಟು ಚೆನ್ನಾಗಿ ನೆನಪಿರುತ್ತವೆ.

*

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಸೈಟಿಗೆ ಹೋದೆ. ಗೇಟಿನ ಬಳಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಾಮಾ. ದಪ್ಪ ಮೀಸೆ, ಹೆಗಲ ಮೇಲೆ ಟವೆಲು. ಅವನನ್ನು ಹತ್ತಾರು ಸಲ ಮಾತಾಡಿಸಿದ್ದೇನೆ. ಅಂದು ಗೇಟಿನ ಹೊರಗೇ ನಿಂತೆ.

“ಬರ್ರಿ ಅಕ್ಕೋರೆ, ಬರ್ರಿ. ಇವತ್ತ ರಜಾ ಇಲ್ಲಲ್ಲ. ಇಟ್ಟಂಗಿಗೆ ಹಾಡು ಕಲಿಸಾಕ ಬಂದೀರೇನು?”

ನಕ್ಕೆ. ನಕ್ಕೆನೆಂದು ನನಗೆ ಅನಿಸಿತು.

“ಏನೋ ದೊಡ್ಡ ಪುಸ್ತಕ ಮಾಡೀರಂತಲ್ಲ?”

“ಯಾರು ಹೇಳಿದರು?”

“ಹವಾ ಹೇಳತದರಿ. ನಮ್ಮ ಫೋಟೋನೂ ಹಾಕೀರೇನು? ಮೀಸಿ ಪೂರಾ ಬರೋಹಂಗ ತೆಗೀಬೇಕಾಗಿತ್ತು.” ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಅವನು ನಗಲಿಲ್ಲ, ನಕ್ಕನೇನೋ, ಮೀಸೆಯೊಳಗೆ. “ಅದರಾಗ ನಮ್ಮ ಮಂದಿ ಹೆಸರು ಅದಾವೇನ್ರಿ?”

“ಇಲ್ಲ. ಯಾರ ಹೆಸರೂ ಇಲ್ಲ.”

“ಛಲೋ ಆತು ಬಿಡ್ರಿ.”

ಅದು ನಿಜವಾಗಿತ್ತು, ಯಾರ ಹೆಸರೂ ಇರಲಿಲ್ಲ. ಅಷ್ಟು ನಿಜವಾದ ಮಾತನ್ನು ಅಷ್ಟು ಹೆದರಿ ನಾನು ಎಂದೂ ಆಡಿಲ್ಲ. ಅವನು ಚಹಾ ತರಿಸಿದ. ಕುಡಿಯುವಾಗ ತಾನಾಗಿಯೇ ಹೇಳಿದ: “ನಮ್ಮ ಅಕ್ಕನ ಮೊಮ್ಮಗಳದು ಸೋಮವಾರ ಆಪರೇಷನ್ ಅದರಿ. ರಾಡು ತೆಗೀತಾರ. ನಾನೇ ಕರಕೊಂಡು ಹೋಗಾಂವ. ಆ ಪೋರಿ ಗಾಡಿ ಮ್ಯಾಲ ಮುಂದ ಕುಂದ್ರತೀನಂತದ, ಹಾರ್ನ್ ಹೊಡೀಲಿಕ್ಕೆ.”

ಇದನ್ನು ನನಗೆ ಯಾಕೆ ಹೇಳಿದ? ಗೊತ್ತಾಗಿದೆ ಎಂದು ತಿಳಿಸಲೇ? ಏನೂ ಗೊತ್ತಿಲ್ಲದ ಅಜ್ಜನಂತೆಯೇ? ಅವನ ಮುಖವನ್ನು ಎಷ್ಟು ಸಲ ನೆನೆದಿದ್ದೇನೆಂದರೆ ಈಗ ಅದರಲ್ಲಿ ನಾನು ಬಯಸಿದ್ದೆಲ್ಲ ಕಾಣುತ್ತದೆ.

ತಾಯಿ ಸಿಕ್ಕದ್ದು ನಳದ ಬಳಿ, ಕೊಡ ತುಂಬಿಸುತ್ತಿದ್ದಾಗ.

“ಮಾರಿ ಯಾಕ ಹಂಗ ಮಾಡೀರಿ ಅಕ್ಕೋರೆ? ಯಾರರ ಸತ್ತಾರೇನು?”

ಹೇಳಿದೆ. ಸಣ್ಣ ದನಿಯಲ್ಲಿ, ಬೇಗ ಬೇಗ.

“ಹೆಸರು ಹಾಕಂಗಿಲ್ಲ ಅಂದಿದ್ರಲ್ಲ?”

“ಹಾಕಿಲ್ಲ. ಬಾಗಿಲ ಮೇಲಿನ ನಂಬರು ಹಾಕಿದ್ದೇವೆ.”

ಅವಳು ಮೊದಲು ನಕ್ಕಳು. “ಅಯ್ಯ ನಮ್ಮವ್ವ! ನೀವು ಕಲತವರೇನ್ರಿ?” ಆಮೇಲೆ ಕೊಡ ತುಂಬಿ ಹರಿಯುತ್ತಿದ್ದರೂ ನಳ ನಿಲ್ಲಿಸದೆ ನಿಂತಳು. “ಯಾವ ಭಾಷಾದಾಗ ಅದ?”

“ಇಂಗ್ಲಿಷಿನಲ್ಲಿ.”

“ಬಾಗಲದ ಮ್ಯಾಲಿನ ಅಂಕಿನೂ ಇಂಗ್ಲಿಷಿನವೇ ಅದಾವ್ರಿ. ಮಾಮಾಗ ಅವು ಬರತಾವು. ಠೇಕೇದಾರಗ ಎಲ್ಲಾ ಬರತದ.”

ನೀವು ಬೇಡವೆಂದರೆ ಸಭೆಯಲ್ಲಿ ಅದನ್ನು ಇಡುವುದಿಲ್ಲ ಎಂದೆ. ಆ ಮಾತು ಕೊಡುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ.

“ಇಟ್ರ ಏನಾಗ್ತದ?”

“ಪ್ರತಿ ಸೈಟಿನಲ್ಲೂ ಮಕ್ಕಳಿಗೊಂದು ಖೋಲಿ ಕಡ್ಡಾಯ ಆಗಬಹುದು. ಆಯಾ ಇರುತ್ತಾಳೆ.”

“ಯಾವಾಗ?”

“ಗೊತ್ತಿಲ್ಲ.”

“ನಂದು ಸೋಮವಾರ ಅದರಿ,” ಎಂದಳು.

ಮೇಲಿನಿಂದ ಯಾರೋ ಕೂಗಿದರು. ಅವಳು ಕೊಡ ಎತ್ತಿಕೊಂಡಳು. ಹೋಗುವಾಗ ಏನೋ ಹೇಳಿದಳು, ಅಥವಾ ತಲೆ ಆಡಿಸಿದಳು, ಅಥವಾ ತುಂಬಿದ ಕೊಡ ಹೊತ್ತವರ ತಲೆ ಆಡುವಂತೆ ಅವಳ ತಲೆಯೂ ಆಡಿತು. ಕಚೇರಿಗೆ ಮರಳಿ, ಅವಳು ಒಪ್ಪಿದ್ದಾಳೆ ಎಂದು ಸಂಚಾಲಕಿಗೆ ಹೇಳಿದೆ. ಈಗ ಆ ಒಪ್ಪಿಗೆಯನ್ನು ಅವಳ ಬಾಯಲ್ಲಿ ಹುಡುಕುತ್ತೇನೆ. ಸಿಗುವುದಿಲ್ಲ.

*

ಗುರುವಾರದ ಸಭೆಯಲ್ಲಿ ನನಗೆ ಮಾತಾಡುವ ಕೆಲಸವಿರಲಿಲ್ಲ. ಗೋಡೆಗೆ ಹಾಕಿದ ಕುರ್ಚಿಯಲ್ಲಿ ಕೂತು, ಯಾರ ಕೈಯಲ್ಲಿ ಯಾವ ಪ್ರತಿ ಇದೆ ಎಂದು ನೋಡುತ್ತಿದ್ದೆ. ಮೇಜಿನ ಮೇಲೆ ಪಟ್ಟಿ ಅಂಟಿಸಿದ ಹೊಸ ಪ್ರತಿಗಳನ್ನು ಇಟ್ಟಿದ್ದೆವು. ಹೆಚ್ಚಿನವರು ತಮ್ಮದನ್ನು ತಂದಿರಲಿಲ್ಲ, ಓದಿಯೂ ಇರಲಿಲ್ಲವೇನೋ. ಬಿಲ್ಡರರ ಪರವಾಗಿ ಬಂದವರು ತಂದಿದ್ದರು. ಅದರಲ್ಲಿ ಹಳದಿ ಚೀಟಿಗಳು ಸಿಕ್ಕಿಸಿದ್ದವು.

ಸಂಶೋಧಕಿ ಚೆನ್ನಾಗಿ ಮಂಡಿಸಿದಳು. ಅಧಿಕಾರಿ ನಡುವೆ ತಡೆದು ಪ್ರಶ್ನೆ ಕೇಳಿದಾಗಲೆಲ್ಲ ಅವಳ ಬಳಿ ಉತ್ತರವಿತ್ತು. ಎಲ್ಲಿ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಎಂದಳು, ಅದರಿಂದ ಉಳಿದದ್ದಕ್ಕೆ ತೂಕ ಬಂತು. ವರ್ಷಗಟ್ಟಲೆ ನಮ್ಮನ್ನು ಕರುಣೆಯಿಂದ ನೋಡಿದ ಆ ಕೋಣೆ, ಅವಳನ್ನು ಗಮನವಿಟ್ಟು ಕೇಳುತ್ತಿತ್ತು.

ಆಗ ಬಿಲ್ಡರರ ಕಡೆಯವರು ಪುಸ್ತಕ ತೆರೆದರು.

“ಮೇಡಂ, ಈ ಲಿಫ್ಟಿನ ಗುಂಡಿಯ ಪ್ರಕರಣ. ಇದು ಗಂಭೀರ. ಕೆ-14 ಅಂದರೆ ಏನು? ಯಾವ ಸೈಟು? ಹೇಳಿದರೆ ನಾವೇ ವಿಚಾರಿಸುತ್ತೇವೆ.”

ಬಹಳ ಸಭ್ಯವಾಗಿ ಕೇಳಿದರು. ನಿಜವಾಗಿಯೂ ವಿಚಾರಿಸಬೇಕೆಂದೇ ಕೇಳಿದರೋ ಏನೋ.

ಸಂಶೋಧಕಿ ಒಂದು ಕ್ಷಣವೂ ತಡೆಯಲಿಲ್ಲ. “ಅದು ಸಂದರ್ಶನದ ಕ್ರಮಸಂಖ್ಯೆ ಸರ್. ಕೊಂಢವಾ ಭಾಗದಲ್ಲಿ ನಾವು ಮಾತಾಡಿಸಿದ ಹದಿನಾಲ್ಕನೆಯವರು. ಸೈಟನ್ನು ಹೇಳುವಂತಿಲ್ಲ, ಅದು ಅಧ್ಯಯನದ ನಿಯಮ.”

‘ತುಂಬಾ ಅಂದರೆ ಎಷ್ಟು’ ಎಂದು ಕೇಳುತ್ತಿದ್ದವಳು. ಅವಳು ಸುಳ್ಳು ಹೇಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ನಿಜವನ್ನೇ ಹೇಳುತ್ತಾಳೆಂದು ಎಲ್ಲರೂ ನಂಬಿದ್ದರು, ಅದಕ್ಕೇ ಆ ಸುಳ್ಳು ನಡೆಯಿತು.

“ನಿಯಮ ಇರಲೇಬೇಕು,” ಎಂದರು ಅಧಿಕಾರಿ. ಬಿಲ್ಡರರ ಕಡೆಯವರು ಪುಸ್ತಕ ಮುಚ್ಚಿದರು. ಮುಚ್ಚುವ ಮೊದಲು ಆ ಪುಟದಲ್ಲಿ ಪೆನ್ನಿನಿಂದ ಏನೋ ಬರೆದರು. ಗೀಟೋ, ಸುತ್ತೋ, ಅಂಕಿಯೋ. ನನ್ನ ಕುರ್ಚಿಗೆ ಕಾಣಲಿಲ್ಲ.

ಸಭೆ ಮುಗಿಯುವಾಗ ಅಧಿಕಾರಿ ಷರತ್ತಿನ ಕರಡು ಬರೆದು ಕೊಡುವಂತೆ ಕೇಳಿದರು. ಹೊರಗೆ ಬಂದು ಸಂಚಾಲಕಿ ಅತ್ತಳು. ಸಂಶೋಧಕಿ ಗೋಡೆಗೆ ಒರಗಿ ನಿಂತಿದ್ದಳು. “ನನ್ನ ಕೈ ಹಿಡಿದುಕೋ,” ಎಂದಳು ನನಗೆ. ರಿಕ್ಷಾ ಸಿಗುವವರೆಗೂ ಹಿಡಿದುಕೊಂಡಿದ್ದೆ.

*

ಸೋಮವಾರ ನಾನು ಆಸ್ಪತ್ರೆಗೆ ಹೋದೆ. ಎಲುಬಿನ ವಿಭಾಗದ ಮುಂದಿನ ಬೆಂಚಿನಲ್ಲಿ ಬೆಳಿಗ್ಗೆ ಎಂಟರಿಂದ ಕೂತೆ. ಮಾಮಾನ ಮೀಸೆ ಹುಡುಕುತ್ತ, ಕುಂಟುವ ಹುಡುಗಿಯನ್ನು ಹುಡುಕುತ್ತ. ಪ್ಲಾಸ್ಟರು ಹಾಕಿದ ಎಷ್ಟೋ ಮಕ್ಕಳು ಬಂದವು. ಒಂದು ಗಂಟೆಗೆ ಚೀಟಿ ಕೊಡುವ ಕಿಟಕಿ ಮುಚ್ಚಿತು. ಒಳಗಿದ್ದವಳನ್ನು ಕೇಳಿದೆ. “ನೀವು ಪೇಷಂಟಿಗೆ ಏನಾಗಬೇಕು?” ಎಂದಳು. ಏನೂ ಆಗಬೇಕಾಗಿರಲಿಲ್ಲ.

ಅಲ್ಲಿಂದ ನೇರ ಕೊಂಢವಾಕ್ಕೆ. ಎಂಟು ಶೆಡ್ಡುಗಳ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಸುಟ್ಟ ಒಲೆಯ ಕಪ್ಪು, ಒಂದು ಚಪ್ಪಲಿ. ಶನಿವಾರ ಟೆಂಪೋ ಬಂತು, ಸಾಮಾನು ಹೇರಿಕೊಂಡು ಹೋದರು ಎಂದ ವಾಚ್‌ಮನ್. ಎಲ್ಲಿಗೆ? “ಹಿಂಜವಾಡಿ ಕಡೆ ಕೆಲಸ ಇದೆ ಅಂದರು. ಊರಿಗೆ ಅಂತಲೂ ಯಾರೋ ಅಂದರು.” ಯಾಕೆ? “ಕೊನೆಯ ಸ್ಲ್ಯಾಬು ಹಾಕಿ ಮುಗಿಯಿತಲ್ಲ ಮೇಡಂ. ಸ್ಲ್ಯಾಬು ಮುಗಿದ ಮೇಲೆ ಟೋಳಿ ಹೋಗುತ್ತದೆ.”

ತಲೆಯೆತ್ತಿ ನೋಡಿದೆ. ಕೊನೆಯ ಸ್ಲ್ಯಾಬು ಹಾಕಿ ಮುಗಿದಿತ್ತು. ಅದೂ ನಿಜವೇ.

ಮಾಮಾನ ಫೋನು ಸ್ವಿಚ್ ಆಫ್ ಆಗಿತ್ತು. ಟೋಳಿಯವರು ಜಾಗ ಬದಲಿಸಿದಾಗ ಸಿಮ್ಮೂ ಬದಲಿಸುವುದುಂಟು, ಹಾಗಾಗಿ ಅದರಿಂದಲೂ ಏನೂ ತಿಳಿಯುವುದಿಲ್ಲ. ಪುಣೆಯ ಇನ್ನೊಂದು ತುದಿಯ ಹಿಂಜವಾಡಿಯಲ್ಲಿ ಸೈಟುಗಳಿಗೆ ಕೊನೆಯಿಲ್ಲ. ಒಂದು ತಿಂಗಳು ರಜೆಯ ದಿನಗಳಲ್ಲಿ ಗೇಟಿನಿಂದ ಗೇಟಿಗೆ ಕೇಳುತ್ತ ತಿರುಗಿದೆ. ಯಾದಗಿರಿಯ ಟೋಳಿ, ಮೀಸೆಯ ಮುಕಾದಮ, ಕಾಲಿಗೆ ಪೆಟ್ಟಾದ ಹುಡುಗಿ. ಇದ್ದಾರೆ ಎಂದವರ ಹಿಂದೆ ಹೋದರೆ ಬೇರೆ ಟೋಳಿ, ಬೇರೆ ಹುಡುಗಿ.

ಷರತ್ತು ಜಾರಿಗೆ ಬಂತು. ಅಧ್ಯಯನದ ಹೆಸರನ್ನು ಅದರ ಮೊದಲ ಪುಟದಲ್ಲಿ ಬರೆದಿದ್ದಾರೆ. ಎಲ್ಲ ಕಡೆ ಪಾಲಿಸುತ್ತಾರೆಂದು ಹೇಳಲಾರೆ, ಆದರೆ ಮೊದಲು ಗೇಟಿನೊಳಗೆ ಬಿಡದಿದ್ದ ಎಷ್ಟೋ ಸೈಟುಗಳಲ್ಲಿ ಈಗ ಬೇಲಿ ಹಾಕಿದ ಖೋಲಿಗಳಿವೆ. ನಾನು ಅಲ್ಲಿ ಹೋಗಿ ಕೂರುತ್ತೇನೆ. ಮಕ್ಕಳು ಗದ್ದಲ ಮಾಡುತ್ತವೆ. ಸೇವಾಸಂಸ್ಥೆಗಳೂ ಸಂಶೋಧಕರೂ ಕೂಡಿ ಹೇಗೆ ಕಾಯಿದೆಯನ್ನು ಬದಲಿಸಬಹುದು ಎಂದು ತರಬೇತಿಗಳಲ್ಲಿ ನಮ್ಮನ್ನು ಕರೆದು ಹೇಳಿಸುತ್ತಾರೆ, ಹೇಳುತ್ತೇನೆ. ಸಂಕೇತಗಳನ್ನು ಹೇಗೆ ಕೊಡಬೇಕೆಂದೂ ಹೇಳುತ್ತೇನೆ. ಆ ಚೌಕಟ್ಟಿನ ತಾಯಿಯ ಬಗ್ಗೆ ಯಾರಾದರೂ ಕೇಳಿದರೆ ಮುಂದಿನ ಪುಟ ತಿರುವುತ್ತೇನೆ.

ಆ ಎಂಟು ಮನೆಗಳನ್ನು ಕಳಿಸಿದ್ದು ನಮ್ಮ ಪುಸ್ತಕವೋ ಸ್ಲ್ಯಾಬೋ ನನಗೆ ಗೊತ್ತಿಲ್ಲ. ಮಾಮಾನಿಗೆ ತಿಳಿದಿತ್ತೋ ಇಲ್ಲವೋ ಗೊತ್ತಿಲ್ಲ. ಅವಳು ನನಗೆ ಒಪ್ಪಿಗೆ ಕೊಟ್ಟಳೋ ಇಲ್ಲವೋ ಗೊತ್ತಿಲ್ಲ. ಹುಡುಗಿಯ ಕಾಲಿನ ರಾಡು ಬೇರೆ ಯಾವುದಾದರೂ ಸೋಮವಾರ, ಬೇರೆ ಯಾವುದಾದರೂ ಊರಿನಲ್ಲಿ ತೆಗೆದರೋ, ಇನ್ನೂ ಒಳಗೇ ಇದೆಯೋ, ಅದೂ ನನಗೆ ಗೊತ್ತಿಲ್ಲ.